ದಂಡದ ರಸೀತಿಯಲ್ಲಿ ಇಲ್ಲದ ಮೊತ್ತ

ಒಬ್ಬರು ವಕೀಲರು. ತಾಲ್ಲೂಕು ಕೋರ್ಟಿನಲ್ಲಿ ಎಂವಿಸಿ ಕೇಸುಗಳನ್ನು, ಅಂದರೆ ರಸ್ತೆ ಅಪಘಾತದ ಪರಿಹಾರದ ಅರ್ಜಿಗಳನ್ನು ನಡೆಸುತ್ತಲೇ ತಲೆಗೂದಲು ಹಣ್ಣಾದವರು. ನಿಂತಿದ್ದು ಹೆಚ್ಚಾಗಿ ಪೆಟ್ಟು ತಿಂದವರ ಪರ. ಇನ್ನೊಬ್ಬ ಅವರ ತಂಗಿಯ ಮಗ. ಹೆದ್ದಾರಿ ಪಕ್ಕದಲ್ಲಿ ಹಳೆಯ ಬೈಕುಗಳನ್ನು ಕೊಂಡು, ಸರಿಮಾಡಿ, ಮಾರುತ್ತಾನೆ. ವಿಮೆಯಿಲ್ಲದ ಗಾಡಿಯ ವಿಚಾರದಲ್ಲಿ ಇಬ್ಬರ ಅನುಭವವೂ ನಿಜವಾದದ್ದು, ಇಬ್ಬರೂ ಕಂಡ ಜನ ಮಾತ್ರ ಬೇರೆ ಬೇರೆ. ಅವರ ಮಾತನ್ನು ಕೇಳಿಸಿಕೊಂಡಷ್ಟು ಇಲ್ಲಿ ಬರೆದಿದ್ದೇನೆ.

ಅಳಿಯ: ಮಾವ, ಈ ನೋಟಿಸು ನೋಡಿ. ನನ್ನ ಅಂಗಡಿಗೆ ಗಾಡಿ ಕೊಟ್ಟಿದ್ದ ಗಿರಾಕಿದು. 2021ರಲ್ಲೇ ಬೈಕು ಮಾರಿದಾನೆ. ದುಡ್ಡು ಎಣಿಸ್ಕೊಂಡಿದಾನೆ, ಕೀ ಕೊಟ್ಟಿದಾನೆ, ಫಾರಂಗಳಿಗೆ ಸೈನ್ ಹಾಕಿದಾನೆ. ಈಗ ಆ ಬೈಕು ರಸ್ತೆ ದಾಟ್ತಿದ್ದ ಗಾರೆ ಕೆಲಸದವರೊಬ್ಬರಿಗೆ ಹೊಡೆದು ಅವರು ತೀರ್ಕೊಂಡಿದಾರೆ. ಕೋರ್ಟಿನ ನೋಟಿಸು ಬಂದಿರೋದು ಇವನಿಗೆ.

ಮಾವ: ಆರ್‌ಸಿ ಯಾರ ಹೆಸರಲ್ಲಿದೆ?

ಅಳಿಯ: ಇನ್ನೂ ಇವನ ಹೆಸರಲ್ಲೇ ಇದೆ. ಕೊಂಡವನು ಟ್ರಾನ್ಸ್‌ಫರ್ ಮಾಡಿಸ್ಕೊಂಡಿಲ್ಲ.

ಮಾವ: ಇನ್ಶೂರೆನ್ಸು?

ಅಳಿಯ: ಇಲ್ಲ. ಮಾರೋವಾಗ ಮೂರು ತಿಂಗಳದ್ದು ಬಾಕಿ ಇತ್ತಂತೆ. ಆಮೇಲೆ ಯಾರೂ ಕಟ್ಟಿಲ್ಲ.

ಮಾವ: ಹಾಗಾದ್ರೆ ಕಾನೂನಿನ ಲೆಕ್ಕದಲ್ಲಿ ಅವನು ಗಾಡಿ ಮಾರೇ ಇಲ್ಲ ಅಂತ ತಿಳ್ಕೊ. 2018ರಲ್ಲಿ ಸುಪ್ರೀಂ ಕೋರ್ಟ್ ಇದೇ ಪ್ರಶ್ನೆ ಎತ್ತಿಕೊಂಡಿತ್ತು. ಅಲ್ಲೊಂದು ಕಾರು ಕೈಯಿಂದ ಕೈಗೆ ಹೋಗಿತ್ತು, ಆರ್‌ಸಿ ಮಾತ್ರ ಮೊದಲನೆಯವನ ಹೆಸರಲ್ಲೇ ಉಳಿದಿತ್ತು. ಹೊಣೆ ಮೊದಲನೆಯವನದೇ ಅಂತ ತೀರ್ಪಾಯಿತು. ಯಾರು ಯಾರಿಗೆ ಮಾರಿದರು ಅಂತ ಪತ್ತೆ ಹಚ್ಚಿಕೊಂಡು ಊರೂರು ಅಲೆಯೋ ಕೆಲಸವನ್ನ ಪೆಟ್ಟು ತಿಂದವರ ಮೇಲೆ ಹೇರಬಾರದು ಅನ್ನೋದು ಅದರ ಸಾರ.

ಅಳಿಯ: ಓಡಿಸಿದವನು ಬೇರೆ, ಇನ್ಶೂರೆನ್ಸ್ ಕಟ್ಟಬೇಕಾಗಿದ್ದವನು ಬೇರೆ, ದುಡ್ಡು ಕೊಡಬೇಕಾದವನು ಇವನಾ? ಯಾವ ನ್ಯಾಯ ಮಾವ ಇದು?

ಮಾವ: ಕೇಳಬೇಕಾದ ಪ್ರಶ್ನೆಯೇ. ನಾನೂ ಒಂದು ಕೇಳ್ತೀನಿ. ಫಾರಂ 29, ಫಾರಂ 30ಕ್ಕೆ ಸೈನ್ ಹಾಕಿಸ್ಕೊಂಡು, ತಾರೀಕು ಬರೀದೆ, ಡ್ರಾಯರಲ್ಲಿ ಇಟ್ಕೊಳ್ತೀರಲ್ಲ, ಅದು ಯಾವ ನ್ಯಾಯ? ಮಾರಿದವನು ಹದಿನಾಲ್ಕು ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಕೊಂಡವನು ಮೂವತ್ತು ದಿನದೊಳಗೆ ತನ್ನ ಹೆಸರಿಗೆ ಮಾಡಿಸ್ಕೋಬೇಕು. ಅದು ಆಗಿದ್ದಿದ್ರೆ ನಿನ್ನ ಗಿರಾಕಿ ಇವತ್ತು ನಿಶ್ಚಿಂತೆಯಾಗಿ ಮಲಗಿರ್ತಿದ್ದ.

ಅಳಿಯ: ನನ್ನ ಹೆಸರಿಗೊಂದು ಸಲ, ಕೊಂಡವನ ಹೆಸರಿಗೆ ಇನ್ನೊಂದು ಸಲ ಟ್ರಾನ್ಸ್‌ಫರ್ ಅಂದ್ರೆ ಹಳೇ ಗಾಡೀಲಿ ಸಿಗೋ ಲಾಭವೇ ಹೋಗುತ್ತೆ. ಕೊಳ್ಳೋಕೆ ಬರೋರು ಎಂಥವರು? ಹಾಲು ಹಾಕೋರು, ಹೂವು ತರೋರು, ಗಾರ್ಮೆಂಟ್ಸಿಗೆ ಹೋಗೋ ಹುಡುಗರು. ಇಪ್ಪತ್ತು ಸಾವಿರದ ಗಾಡೀನೇ ಮೂರು ಕಂತಲ್ಲಿ ತಗೊಳ್ತಾರೆ. ಅವರಿಗೆ ಆರ್‌ಟಿಒ ಖರ್ಚು ಹೇಳಿದ್ರೆ ಮುಂದಿನ ಅಂಗಡಿಗೆ ಹೋಗ್ತಾರೆ.

ಮಾವ: ಅದಕ್ಕೇ 2023ರ ಏಪ್ರಿಲ್‌ನಿಂದ ಕೇಂದ್ರದ ನಿಯಮ ಬದಲಾಯ್ತು. ಹಳೇ ಗಾಡಿ ವ್ಯಾಪಾರಿಗಳು ಅಧಿಕಾರಪತ್ರ ತಗೋಬೇಕು, ಗಾಡಿ ಕೈಗೆ ಬಂದದ್ದನ್ನ ಆನ್‌ಲೈನಲ್ಲಿ ತಿಳಿಸಬೇಕು, ಅಲ್ಲಿಂದ ಮುಂದೆ ಆ ಗಾಡಿ ಹೊಣೆ ವ್ಯಾಪಾರೀದು. ನಿನ್ನ ಗಿರಾಕಿ ಅದಕ್ಕೆ ಮುಂಚೆ ಮಾರಿದಾನೆ. ಇಲ್ಲದಿದ್ರೆ ಈ ನೋಟಿಸು ನಿನ್ನನ್ನೇ ಹುಡುಕ್ಕೊಂಡು ಬರ್ತಿತ್ತು.

ಅಳಿಯ ಸ್ವಲ್ಪ ಹೊತ್ತು ಸುಮ್ಮನಾದ. ಅಂಗಡಿಯಲ್ಲಿ ಮಾತು ಬಲ್ಲವನು, ಇಲ್ಲಿ ಬೇರೆ ದಿಕ್ಕಿನಿಂದ ಶುರುಮಾಡಿದ.

ಅಳಿಯ: ಇನ್ಶೂರೆನ್ಸ್ ಇಲ್ದಿದ್ರೆ ದಂಡ ಎರಡು ಸಾವಿರ, ಕಟ್ಟಿಬಿಟ್ರೆ ಮುಗೀತು ಅಂತಲೇ ನಾವೆಲ್ಲ ತಿಳ್ಕೊಂಡಿರೋದು ಮಾವ. ಪೊಲೀಸರು ಹಿಡಿದಾಗ ರಸೀತಿ ಹರೀತಾರೆ, ಜೇಬಲ್ಲಿ ಇಟ್ಕೊಂಡು ಬರ್ತಾರೆ. ಅದೂ ವರ್ಷಕ್ಕೊಂದು ಸಲ ಹಿಡಿದ್ರೆ ಹೆಚ್ಚು.

ಮಾವ: ಮೋಟಾರು ವಾಹನ ಕಾಯ್ದೆ ಸೆಕ್ಷನ್ 146ರ ಪ್ರಕಾರ ಥರ್ಡ್ ಪಾರ್ಟಿ ವಿಮೆ ಇಲ್ಲದೆ ಗಾಡಿ ರಸ್ತೆಗೆ ಇಳಿಸೋ ಹಾಗಿಲ್ಲ. ಇಳಿಸಿದ್ರೆ ಸೆಕ್ಷನ್ 196. ಮೊದಲ ಸಲ 2,000 ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ರೆ 4,000. 2019ರ ತಿದ್ದುಪಡಿಗೆ ಮುಂಚೆ ಬರೀ 1,000 ಇತ್ತು. ಓಡಿಸಿದವನಿಗಷ್ಟೇ ಅಲ್ಲ, ಗೊತ್ತಿದ್ದೂ ಓಡಿಸೋಕೆ ಬಿಟ್ಟವನಿಗೂ ಇದು ಅನ್ವಯ ಆಗುತ್ತೆ. ಆದ್ರೆ ಆ ದಂಡ ಹೋಗೋದು ಸರ್ಕಾರದ ಖಜಾನೆಗೆ. ಸತ್ತವರ ಹೆಂಡತಿಗೆ ಅದರಲ್ಲಿ ಒಂದು ಪೈಸೆಯೂ ಸಿಗಲ್ಲ. ಅವಳ ಲೆಕ್ಕ ಬೇರೆ ಕೋರ್ಟಲ್ಲಿ, ಬೇರೆ ಹಾಳೆ ಮೇಲೆ ನಡಿಯುತ್ತೆ. ತಾ ಆ ಪೆನ್ನು.

ವಕೀಲರು ನೋಟಿಸಿನ ಲಕೋಟೆಯ ಹಿಂಬದಿಗೆ ಬರೆಯತೊಡಗಿದರು. ಅಳಿಯ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ.

ಮಾವ: ಸತ್ತವರ ವಯಸ್ಸು ಮೂವತ್ತೈದು ಅಂತಿದೆ. ಗಾರೆ ಕೆಲಸ, ಸಂಬಳದ ಚೀಟಿ ಇರಲ್ಲ. ಲೋಕ ಅದಾಲತ್ತಿಗಾಗಿ ಕಾನೂನು ಸೇವಾ ಪ್ರಾಧಿಕಾರ ಮಾಡಿರೋ ಪಟ್ಟಿ ನೋಡ್ಕೊಂಡು ಕೋರ್ಟು ಒಂದು ಆದಾಯ ಅಂದಾಜು ಮಾಡುತ್ತೆ. ತಿಂಗಳಿಗೆ 15,000 ಅಂತ ಇಟ್ಕೊ. ವರ್ಷಕ್ಕೆ 1,80,000. ಬದುಕಿದ್ದಿದ್ರೆ ದುಡಿಮೆ ಹೆಚ್ತಿತ್ತಲ್ಲ, ಸ್ವಂತ ದುಡಿಮೆಯವರಿಗೆ ನಲವತ್ತು ವಯಸ್ಸಿನೊಳಗಾದ್ರೆ ನೂರಕ್ಕೆ ನಲವತ್ತು ಸೇರಿಸು ಅಂತ 2017ರ ಸಂವಿಧಾನ ಪೀಠದ ತೀರ್ಪು. 2,52,000 ಆಯ್ತು. ಹೆಂಡತಿ, ಎರಡು ಮಕ್ಕಳು, ತಾಯಿ, ನಾಲ್ಕು ಜನ ಅವರನ್ನೇ ನಂಬಿದ್ರು. ಹಾಗಾಗಿ ಅವರ ಸ್ವಂತ ಖರ್ಚು ಅಂತ ಕಾಲು ಭಾಗ ಕಳಿ. ಉಳಿದದ್ದು 1,89,000. ಮೂವತ್ತೈದರ ವಯಸ್ಸಿಗೆ ಗುಣಕ 16. ಗುಣಿಸು.

ಅಳಿಯ: ಮೂವತ್ತು ಲಕ್ಷದ ಇಪ್ಪತ್ನಾಲ್ಕು ಸಾವಿರ.

ಮಾವ: ಅಂತ್ಯಕ್ರಿಯೆ ಖರ್ಚು, ಹೆಂಡತಿ ಮಕ್ಕಳು ತಾಯಿ ಕಳ್ಕೊಂಡ ಆಸರೆಗೆ ಅಂತ ಇನ್ನೂ ಸುಮಾರು ಎರಡು ಲಕ್ಷ ಸೇರುತ್ತೆ. ಅರ್ಜಿ ಹಾಕಿದ ದಿನದಿಂದ ಬಡ್ಡಿ. ನೂರಕ್ಕೆ ಆರು ಅಂತಿಟ್ಟರೂ ತಿಂಗಳಿಗೆ ಹದಿನೈದು ಸಾವಿರ ದಾಟುತ್ತೆ. ಸತ್ತವರು ತಿಂಗಳಿಗೆ ಎಷ್ಟು ದುಡೀತಿದ್ದರೋ ಅಷ್ಟು, ಬರೀ ಬಡ್ಡಿ.

ಅಳಿಯ: ಅವನ ಹತ್ರ ಇರೋದು ಒಂದೂವರೆ ಎಕರೆ, ಎರಡು ಹಸು.

ಮಾವ: ಆ ಬೈಕಿಗೆ ಒಂದು ವರ್ಷದ ಥರ್ಡ್ ಪಾರ್ಟಿ ಕಂತು ಎಷ್ಟು?

ಅಳಿಯ: ನೂರೈವತ್ತು ಸಿಸಿ ಒಳಗಿನದಕ್ಕೆ 714, ಜಿಎಸ್‌ಟಿ ಸೇರಿ ಎಂಟುನೂರ ನಲವತ್ತು ಚಿಲ್ಲರೆ. 2022ರ ಜೂನಲ್ಲಿ ಮಾಡಿದ ದರ. ನನಗೆ ಗೊತ್ತು ಮಾವ, ನಾನು ದಿನಾ ನೋಡೋದೇ ಅದು. ಎಂಟುನೂರು ರೂಪಾಯಿ ಉಳಿಸೋಕೆ ಹೋಗಿ ಮೂವತ್ತು ಲಕ್ಷಕ್ಕೆ ಸಿಕ್ಕಿಹಾಕ್ಕೊಂಡ ಅಂತ ಹೇಳೋದು ಸುಲಭ. ಅವನಿಗೆ ಯಾರೂ ಈ ಲೆಕ್ಕ ಹೇಳ್ಲಿಲ್ವಲ್ಲ. ಪೊಲೀಸರು ದಂಡ ಹೇಳ್ತಾರೆ, ಏಜೆಂಟು ಫಸ್ಟ್ ಪಾರ್ಟಿ ಮಾಡಿಸಿ ಅಂತಾನೆ, ಟೀವೀಲಿ ನಿಮ್ಮ ಗಾಡಿ ರಿಪೇರಿ ಉಚಿತ ಅಂತ ಬರುತ್ತೆ. ಹಳೇ ಗಾಡಿಗೆ ಯಾಕಪ್ಪ ರಿಪೇರಿ ಇನ್ಶೂರೆನ್ಸು ಅಂತ ಜನ ಬಿಟ್ಬಿಡ್ತಾರೆ. ಇದು ಗಾಡಿಗಲ್ಲ, ದಾರೀಲಿ ಹೋಗೋ ಇನ್ನೊಬ್ಬರಿಗೆ ಅಂತ ಯಾರು ಹೇಳಿದಾರೆ?

ಮಾವ: ಅದನ್ನ ಒಪ್ತೀನಿ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ್ದು, ಹೊಸ ಕಾರಿಗೆ ಮೂರು ವರ್ಷದ್ದು ಒಟ್ಟಿಗೇ ಮಾಡಿಸಿ ಅಂತ ಸುಪ್ರೀಂ ಕೋರ್ಟ್ ಹೇಳಿತು. ಜನ ಕಟ್ಟಲ್ಲ ಅನ್ನೋ ಕಾರಣಕ್ಕೇ.

ಅಳಿಯ: ಆರನೇ ವರ್ಷಕ್ಕೆ ಆ ಬೈಕು ಎಲ್ಲಿರುತ್ತೆ ಗೊತ್ತಾ? ನನ್ನ ಅಂಗಡೀಲಿ. ಅಲ್ಲಿಂದ ಹಳ್ಳಿಗೆ. ಇನ್ಶೂರೆನ್ಸ್ ಮುಗೀತು ಅಂತ ಬರೋ ಮೆಸೇಜು ಹಳೇ ಮಾಲೀಕನ ಫೋನಿಗೆ. ಮೊದಲ ಐದು ವರ್ಷ ಕಾಯ್ದುಕೊಂಡ ಕಾನೂನು ಗಾಡಿ ಬಡವನ ಕೈಗೆ ಬಂದ ಗಳಿಗೇಲಿ ಕೈ ಬಿಡುತ್ತೆ.

ಈ ಮಾತಿಗೆ ವಕೀಲರು ಉತ್ತರ ಕೊಡಲಿಲ್ಲ. ಕೊಡುವ ಉತ್ತರ ಇದ್ದಂತೆಯೂ ನನಗೆ ಕಾಣಲಿಲ್ಲ. ನಮ್ಮ ರಸ್ತೆಗಳಲ್ಲಿ ವಿಮೆಯಿಲ್ಲದೆ ಓಡುವ ಗಾಡಿಗಳಲ್ಲಿ ದ್ವಿಚಕ್ರ ವಾಹನಗಳೇ ಹೆಚ್ಚು. ಉಡಾಫೆಯ ಜೊತೆಗೆ ಈ ವ್ಯವಸ್ಥೆಯ ತೂತೂ ಅದಕ್ಕೆ ಕಾರಣ ಎಂಬುದನ್ನು ಕಾನೂನು ಬಲ್ಲವರು ಅಷ್ಟಾಗಿ ಹೇಳುವುದಿಲ್ಲ.

ಅಳಿಯ: ಇನ್ನೊಂದು ಕೇಳ್ತೀನಿ. ಸರ್ಕಾರಿ ಬಸ್ಸಿಗೆ ಇನ್ಶೂರೆನ್ಸ್ ಇದೆಯಾ?

ಮಾವ: ಹೆಚ್ಚಿನವಕ್ಕೆ ಕಂಪನಿ ಪಾಲಿಸಿ ಇಲ್ಲ. ಸಾರಿಗೆ ನಿಗಮಗಳು ತಮ್ಮದೇ ನಿಧಿ ಇಟ್ಕೊಂಡ್ರೆ ವಿನಾಯಿತಿ ಕೊಡಬಹುದು ಅಂತ ಅದೇ ಸೆಕ್ಷನ್ 146ರಲ್ಲಿದೆ.

ಅಳಿಯ: ಅವರಿಗೊಂದು ನ್ಯಾಯ, ನಮಗೊಂದು ನ್ಯಾಯ.

ಮಾವ: ವಿನಾಯಿತಿ ಇರೋದು ಪಾಲಿಸಿಯಿಂದ, ಪರಿಹಾರದಿಂದ ಅಲ್ಲ. ನಿಗಮ ದುಡ್ಡು ಕಟ್ಟದೆ ಇದ್ದಾಗ ಕೋರ್ಟಿನ ಅಮೀನರು ಬಸ್ ನಿಲ್ದಾಣಕ್ಕೇ ಹೋಗಿ ಬಸ್ಸು ಜಪ್ತಿ ಮಾಡಿದ ಸುದ್ದಿ ಎಷ್ಟು ಸಲ ಪೇಪರಲ್ಲಿ ಓದಿಲ್ಲ ನೀನು? ನಿಗಮದ ಹತ್ರ ಜಪ್ತಿ ಮಾಡೋಕೆ ಬಸ್ಸಾದ್ರೂ ಇದೆ. ಅದಕ್ಕೇ ಅವರನ್ನ ನಂಬಬಹುದು ಅಂತ ಕಾನೂನು ಎಣಿಸಿರೋದು.

ಅಳಿಯ: ನನ್ನ ಗಿರಾಕಿ ಹತ್ರ ಏನು ಜಪ್ತಿ ಮಾಡ್ತಾರೆ?

ಮಾವ: ಮೊದಲು ಗಾಡಿ. ವಿಮೆಯಿಲ್ಲದ ಗಾಡಿ ಅಪಘಾತ ಮಾಡಿದ್ರೆ ಮಾಲೀಕ ಸಾಕಷ್ಟು ಭದ್ರತೆ ಕೊಡದೆ ಕೋರ್ಟು ಅದನ್ನ ಬಿಡೋ ಹಾಗಿಲ್ಲ. ಮೂರು ತಿಂಗಳಾದ ಮೇಲೆ ಹರಾಜು ಹಾಕಿ, ಬಂದ ದುಡ್ಡನ್ನ ಪರಿಹಾರದ ನ್ಯಾಯಮಂಡಳಿಗೆ ಕಟ್ಟಬೇಕು. 2018ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೀಗೆ ನಿಯಮ ಮಾಡಿ ಅಂತ ಹೇಳಿತ್ತು, 2022ರಿಂದ ಕೇಂದ್ರದ ನಿಯಮದಲ್ಲೇ ಬಂದಿದೆ.

ಅಳಿಯ: ಆ ಗಾಡಿ 2014ರ ಮಾಡೆಲ್. ಡಿಕ್ಕಿ ಹೊಡೆದು ಫೋರ್ಕ್ ಬೆಂಡಾಗಿದೆ, ಠಾಣೆ ಮುಂದೆ ಮಳೇಲಿ ನಿಂತಿದೆ. ನಾನಾದ್ರೆ ಎಂಟು ಸಾವಿರಕ್ಕೂ ಮುಟ್ಟಲ್ಲ. ಗುಜರಿಯವನು ತೂಕಕ್ಕೆ ಹಾಕ್ತಾನೆ. ಮೂವತ್ತು ಲಕ್ಷದ ಎದುರು ಅದು ಯಾವ ಮೂಲೆಗೆ?

ಮಾವ: ಸಾಲದು. ಆಮೇಲೆ ಆಸ್ತಿ. ನ್ಯಾಯಮಂಡಳಿ ಜಿಲ್ಲಾಧಿಕಾರಿಗೆ ಪ್ರಮಾಣಪತ್ರ ಕಳಿಸಿದ್ರೆ ಭೂಕಂದಾಯದ ಬಾಕಿ ವಸೂಲಿ ಮಾಡೋ ಹಾಗೆ ಮಾಡ್ತಾರೆ. ಇಲ್ಲವಾದ್ರೆ ಡಿಕ್ರಿ ಅಮಲ್ಜಾರಿ. ರೈತನ ವಾಸದ ಮನೆ, ಉಳೋ ಎತ್ತು, ನೇಗಿಲು ಜಪ್ತಿಯಿಂದ ಹೊರಗೆ. ಜಮೀನು ಹೊರಗಲ್ಲ. ಅವನು ಸತ್ತರೂ ಮಕ್ಕಳಿಗೆ ಬಂದ ಆಸ್ತಿ ಮಟ್ಟಿಗೆ ಈ ಬಾಕಿ ಹಿಂಬಾಲಿಸುತ್ತೆ.

ಅಳಿಯ: ಅಂದ್ರೆ ಜೀವಾವಧಿ ಶಿಕ್ಷೆ. ಕೊಲೆ ಮಾಡಿದವನಿಗೂ ಇಷ್ಟು ಉದ್ದ ಇರಲ್ಲ.

ಮಾವ: ತಪ್ಪು ಮಾತು ಅದು. ಶಿಕ್ಷೆ ಬೇರೆ, ಪರಿಹಾರ ಬೇರೆ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಅಂತ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 106ರ ಕೇಸು ನಡೆಯೋದು ಓಡಿಸಿದವನ ಮೇಲೆ, ನಿನ್ನ ಗಿರಾಕಿ ಮೇಲಲ್ಲ. ಈ ಮೂವತ್ತು ಲಕ್ಷ ಶಿಕ್ಷೆ ಅಲ್ಲ ಕಣೋ, ಅದು ಆ ಮನೆಯ ಅನ್ನ. ಇನ್ಶೂರೆನ್ಸ್ ಇಲ್ಲ ಅಂತ ಕೋರ್ಟು ಒಂದು ರೂಪಾಯಿಯನ್ನೂ ಹೆಚ್ಚಿಗೆ ಹಾಕಿಲ್ಲ. ಇದ್ದಿದ್ರೂ ಇಷ್ಟೇ. ಕೊಡೋ ಕೈ ಬೇರೆ ಆಗಿರ್ತಿತ್ತು ಅಷ್ಟೇ.

ಅಳಿಯ: ಸಂಬಳ ಇಲ್ಲದ ರೈತನಿಗೆ ಆ ‘ಅಷ್ಟೇ’ಯಲ್ಲೇ ಎಲ್ಲ ಹೋಯ್ತಲ್ಲ ಮಾವ.

ಮಾವ: ಹೌದು. ಪಾಲಿಸಿ ಅನ್ನೋದು ಎಂಥ ಆಸರೆ ಅಂತ ಹೇಳ್ತೀನಿ ಕೇಳು. ಓಡಿಸಿದವನ ಲೈಸೆನ್ಸು ನಕಲಿ ಅಂತ ಗೊತ್ತಾದ್ರೂ, ಪೆಟ್ಟು ತಿಂದವರಿಗೆ ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡ್ಕೊಳ್ಳಲಿ ಅಂತ 2004ರಿಂದ ಸುಪ್ರೀಂ ಕೋರ್ಟ್ ದಾರಿ ಮಾಡಿದೆ. ಕೋರ್ಟಲ್ಲಿ ನಾವು ಪೇ ಅಂಡ್ ರಿಕವರಿ ಅಂತೀವಿ. ಪಾಲಿಸಿ ಇದ್ದು ಏನೋ ಷರತ್ತು ಮುರಿದಿದ್ರೂ ಆ ಹೆಂಗಸಿನ ಕೈಗೆ ದುಡ್ಡು ಸಿಗೋ ದಾರಿ ಇದೆ. ಪಾಲಿಸಿಯೇ ಇಲ್ಲ ಅಂದ್ರೆ ಮೊದಲು ಕೊಡೋಕೆ ಯಾರೂ ಇಲ್ಲ.

ಅಳಿಯ: ಅಪಘಾತ ಆದ ದಿನವೇ ಆನ್‌ಲೈನಲ್ಲಿ ಕಟ್ಟಿದ್ರೆ? ಹಾಗೆ ಮಾಡಿದವರನ್ನ ನೋಡಿದೀನಿ.

ಮಾವ: 1991ರ ಡಿಸೆಂಬರಲ್ಲಿ ಒಬ್ಬರು ಮಾಡಿದ್ರು. ಮಧ್ಯಾಹ್ನ 2.20ಕ್ಕೆ ಅಪಘಾತ, 2.55ಕ್ಕೆ ಪಾಲಿಸಿ. ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು. ಕಂಪನಿ ಹೊಣೆ ಅಲ್ಲ ಅಂತಾಯ್ತು. ಪಾಲಿಸೀಲಿ ಗಂಟೆ ಬರೆದಿದ್ರೆ ಆ ಗಂಟೆಯಿಂದಲೇ ಅದಕ್ಕೆ ಜೀವ. ವಾಟ್ಸ್ಯಾಪಲ್ಲಿ ಬರೋ ಪಿಡಿಎಫ್ ನಂಬ್ಕೊಂಡು ಕೆಟ್ಟವರೂ ಇದಾರೆ. ತಾರೀಕು ತಿದ್ದಿ, ನಂಬರ್ ತಿದ್ದಿ ಯಾರೋ ಕೊಟ್ಟಿರ್ತಾರೆ. ಕಂಪನಿ ಬಂದು ಈ ನಂಬರಿನ ಪಾಲಿಸಿ ನಮ್ಮಲ್ಲಿಲ್ಲ ಅಂದ್ರೆ, ಕಂತು ಕಟ್ಟಿದೀನಿ ಅಂತ ನಂಬಿದ್ದ ಪಾಪದವನೂ ವಿಮೆಯಿಲ್ಲದವನೇ. ನೀನು ಗಾಡಿ ತಗೊಳ್ಳುವಾಗ ಎಂಪರಿವಾಹನ್ ಆ್ಯಪಲ್ಲಿ ಗಾಡಿ ನಂಬರ್ ಹಾಕಿ ವಿಮೆ ಎಲ್ಲಿವರೆಗೆ ಇದೆ ಅಂತ ನೋಡು. ಕಾಗದ ನಂಬಬೇಡ.

ಅಳಿಯ: ಅದನ್ನ ನೋಡ್ತೀನಿ. ಈಗ ನನ್ನ ಮನಸ್ಸಲ್ಲಿರೋ ಮುಖ್ಯ ಪ್ರಶ್ನೆ. ಆ ಬೈಕಿನವನು ಹೊಡೆದು ನಿಲ್ಲದೆ ಓಡಿಹೋಗಿದ್ದು, ಗಾಡಿ ಯಾರದು ಅಂತ ಪತ್ತೆಯೇ ಆಗದೆ ಇದ್ದಿದ್ರೆ ಆ ಹೆಂಗಸಿಗೆ ಏನು ಸಿಕ್ತಿತ್ತು?

ಮಾವ: ಹಿಟ್ ಅಂಡ್ ರನ್ ಯೋಜನೆ. 2022ರ ಏಪ್ರಿಲ್‌ನಿಂದ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ. ಮುಂಚೆ 25,000 ಮತ್ತೆ 12,500 ಇತ್ತು.

ಅಳಿಯ: ಎರಡು ಲಕ್ಷ ಅವಳ ಬ್ಯಾಂಕಿಗೆ ಬೀಳುತ್ತೆ ಅಲ್ವಾ? ಗಾಡಿ ಸಿಕ್ಕಿದೆ, ಮಾಲೀಕ ಗೊತ್ತು, ಇನ್ಶೂರೆನ್ಸ್ ಮಾತ್ರ ಇಲ್ಲ. ಈಗ ಎಷ್ಟು ಬೀಳುತ್ತೆ?

ಮಾವ: ಆ ಯೋಜನೆಯಿಂದ ಏನೂ ಇಲ್ಲ. ಅವಳಿಗೆ ಸಿಗೋದು ಮೂವತ್ತೆರಡು ಲಕ್ಷದ ಡಿಕ್ರಿ.

ಅಳಿಯ: ಒಂದೂವರೆ ಎಕರೆಯವನ ಮೇಲೆ. ಮೂವತ್ತೆರಡು ಲಕ್ಷ ಅಂತ ಬರೆದ ಕಾಗದ ಇಟ್ಕೊಂಡು ಅವಳು ಎಷ್ಟು ವರ್ಷ ಕೋರ್ಟಿಗೆ ಅಲೀಬೇಕು? ನೀವೇ ಹೇಳಿ, ನಿಮ್ಮ ಕಪಾಟಲ್ಲಿ ಇಂಥ ಫೈಲು ಎಷ್ಟಿವೆ?

ಮಾವ: ಇವೆ. ಒಬ್ಬಾಕೆ ತೀರ್ಪಾದ ಮೇಲೆ ಪ್ರತಿ ಸಲ ಅಮಲ್ಜಾರಿ ತಾರೀಕಿಗೂ ಬೀಡಿ ಎಲೆ ಕತ್ತರಿಸೋ ಕೆಲಸ ಬಿಟ್ಟು ಬರ್ತಿದ್ರು. ಎದುರುದಾರನ ಹೆಸರಲ್ಲಿ ಪಹಣೀಲಿ ಏನೂ ಇರಲಿಲ್ಲ. ಕೊನೆಗೆ ಬರೋದು ನಿಲ್ಲಿಸಿದ್ರು. ಬಸ್ ಚಾರ್ಜೂ ದಂಡ ಸ್ವಾಮಿ ಅಂದ್ರು. ಆ ಫೈಲನ್ನ ನಾನಿನ್ನೂ ಕಟ್ಟಿಟ್ಟಿಲ್ಲ.

ಅಳಿಯ: ಅದಕ್ಕೇ ಹೇಳೋದು. ಕಡ್ಡಾಯ ಮಾಡಿದ್ದು ಸರ್ಕಾರ. ವಿಮೆಯಿಲ್ಲದ ಗಾಡಿ ರಸ್ತೆಗೆ ಬಿಟ್ಟಿದ್ದೂ ಸರ್ಕಾರವೇ. ಹಾಗಾದ್ರೆ ಆ ಹೆಂಗಸಿಗೆ ಮೊದಲು ಸರ್ಕಾರ ಕೊಡಲಿ, ಆಮೇಲೆ ನನ್ನ ಗಿರಾಕಿ ಹತ್ರ ಕಂತಲ್ಲಿ ವಸೂಲಿ ಮಾಡಲಿ. ಕಂಪನಿಗೆ ಹೇಳೋ ಪೇ ಅಂಡ್ ರಿಕವರಿ ಸರ್ಕಾರಕ್ಕೆ ಯಾಕೆ ಅನ್ವಯ ಆಗಲ್ಲ?

ಮಾವ: ಬ್ರಿಟನ್ನಲ್ಲಿ ಅಂಥದ್ದು 1946ರಿಂದ ಇದೆ. ವಿಮಾ ಕಂಪನಿಗಳೆಲ್ಲ ಸೇರಿ ಮೋಟಾರ್ ಇನ್ಶೂರರ್ಸ್ ಬ್ಯೂರೊ ಅಂತ ಕಟ್ಟಿದವು. ವಿಮೆಯಿಲ್ಲದವನು ಹೊಡೆದ್ರೂ ಅದೇ ಪರಿಹಾರ ಕೊಡುತ್ತೆ. ನಮ್ಮಲ್ಲೂ 1939ರ ಕಾಯ್ದೆಯ ಕಡ್ಡಾಯ ವಿಮೆ ಜಾರಿಗೆ ಬಂದದ್ದು ಅದೇ 1946ರ ಜುಲೈನಲ್ಲಿ. ಆದ್ರೆ ಆ ಎರಡನೇ ಬಾಗಿಲನ್ನ ನಾವು ಇಡಲಿಲ್ಲ. 2019ರ ತಿದ್ದುಪಡೀಲಿ ಮೋಟಾರು ವಾಹನ ಅಪಘಾತ ನಿಧಿ ಅಂತ ಬಂತು, ಅದರಿಂದ ಚಿಕಿತ್ಸೆ ಖರ್ಚು, ಹಿಟ್ ಅಂಡ್ ರನ್ ಹಣ ಹೋಗುತ್ತೆ. 2025ರ ಮೇನಲ್ಲಿ ಶುರುವಾದ ನಗದುರಹಿತ ಚಿಕಿತ್ಸೆ ಯೋಜನೇಲಿ ಒಂದೂವರೆ ಲಕ್ಷದವರೆಗೆ, ಏಳು ದಿನ, ಹೊಡೆದ ಗಾಡಿಗೆ ವಿಮೆ ಇರಲಿ ಬಿಡಲಿ ಚಿಕಿತ್ಸೆ ಸಿಗಬೇಕು. ಅಲ್ಲಿಗೆ ನಿಲ್ಲುತ್ತೆ.

ಅಳಿಯ: ಆಸ್ಪತ್ರೆವರೆಗೆ ಸರ್ಕಾರ, ಸ್ಮಶಾನದಿಂದ ಈಚೆಗೆ ನನ್ನ ಗಿರಾಕಿ.

ಮಾವ: ನಿನ್ನ ದಾರಿ ಹಿಡಿದ್ರೆ ಎದುರಾಗೋ ಕಷ್ಟಾನೂ ಕೇಳು. ನಿಧಿಗೆ ದುಡ್ಡು ಯಾರು ಕೊಡ್ತಾರೆ? ಪ್ರತಿ ವರ್ಷ ತಪ್ಪದೆ ಕಂತು ಕಟ್ಟೋನು. ಕಟ್ಟದವನ ಹೊರೆ ಅವನ ತಲೆ ಮೇಲೆ. ಸರ್ಕಾರ ಹೇಗೂ ಕೊಡುತ್ತೆ ಅಂತ ಗೊತ್ತಾದ್ರೆ ಕಟ್ಟೋರೂ ಬಿಡ್ತಾರೆ.

ಅಳಿಯ: ಪೆಟ್ರೋಲ್ ಮೇಲೆ ಹಾಕಿ. ಲೀಟರಿಗೆ ಇಷ್ಟು ಪೈಸೆ ಅಂತ. ಗಾಡಿ ಓಡಿಸೋನು ಬಂಕಿಗೆ ಬರಲೇಬೇಕಲ್ಲ. ಆರ್‌ಸಿ ಬೇಡ, ಏಜೆಂಟು ಬೇಡ, ತಾರೀಕು ಮರೆಯೋದು ಬೇಡ. ಹೆಚ್ಚು ಓಡಿಸೋನು ಹೆಚ್ಚು ಕೊಡ್ತಾನೆ.

ಮಾವ: ದಕ್ಷಿಣ ಆಫ್ರಿಕಾದವರು ಹಾಗೇ ಮಾಡಿದಾರೆ. ಇಂಧನದ ಮೇಲಿನ ಸುಂಕದಿಂದಲೇ ಅವರ ರಸ್ತೆ ಅಪಘಾತ ನಿಧಿ ನಡೆಯೋದು. ಆ ನಿಧಿ ಸಾಲದಲ್ಲಿ ಮುಳುಗಿದೆ, ಪರಿಹಾರಕ್ಕೆ ಜನ ವರ್ಷಗಟ್ಟಲೆ ಕಾಯ್ತಾರೆ. ಇನ್ನೊಂದು, ಎಲೆಕ್ಟ್ರಿಕ್ ಸ್ಕೂಟರ್ ಯಾವ ಬಂಕಿಗೆ ಬರುತ್ತೆ?

ಅಳಿಯ: ಕಾಯೋದು ಇಲ್ಲೂ ಇದೆ. ಅಲ್ಲಿ ನಿಧಿ ಮುಂದೆ ಕಾಯ್ತಾರೆ, ಇಲ್ಲಿ ಗೇಣಿ ಹೊಲ ಮಾಡೋನ ಮನೆ ಮುಂದೆ ಕಾಯ್ತಾರೆ. ಯಾರ ಮುಂದೆ ಕಾದ್ರೆ ಒಂದು ದಿನ ದುಡ್ಡು ಬರೋ ಸಾಧ್ಯತೆ ಇದೆ ನೀವೇ ಹೇಳಿ.

ಮಾವ: ನಿಧಿ ಮುಂದೆ. ಅದನ್ನ ಅಲ್ಲಗಳೆಯಲ್ಲ. ಆದ್ರೆ ಹೊಣೆಯನ್ನ ಮಾಲೀಕನ ತಲೆಯಿಂದ ಪೂರ್ತಿ ಇಳಿಸೋಕೆ ನನ್ನ ಮನಸ್ಸು ಒಪ್ಪಲ್ಲ. ಟ್ರ್ಯಾಕ್ಟರಿಗೆ ಮಾತ್ರ ವಿಮೆ ಮಾಡಿಸಿ, ಟ್ರೇಲರಿಗೆ ಮಾಡಿಸದೆ, ಅದರ ಮೇಲೆ ಇಪ್ಪತ್ತು ಜನ ಕೂಲಿಯವರನ್ನ ಕೂರಿಸ್ಕೊಂಡು ಹೋಗೋ ಮಾಲೀಕರನ್ನ ನಾನು ನೋಡಿದೀನಿ. ಟ್ರೇಲರ್ ಮಗುಚಿದ್ರೆ ಕಂಪನಿ ಕೈ ತೊಳ್ಕೊಳುತ್ತೆ. ಅಂಥವನಿಗೆ ನೀರಾವರಿ ಜಮೀನಿರುತ್ತೆ, ಊರಲ್ಲಿ ಎರಡು ಮನೆ ಇರುತ್ತೆ. ಅವನ ಬಾಕಿಯನ್ನ ನಿನ್ನ ಹಾಲಿನವನ ಪೆಟ್ರೋಲಿಂದ ತೀರಿಸಬೇಕಾ?

ಅಳಿಯ: ಅವನಿಂದ ವಸೂಲಿ ಮಾಡಿ. ನಾನು ಬೇಡ ಅಂದ್ನಾ? ಆಸ್ತಿ ಇರೋನಿಗೂ ಇಲ್ಲದವನಿಗೂ ಒಂದೇ ಕಾಗದ ಕೊಡಬೇಡಿ ಅಂತಿದೀನಿ.

ಮಾವ: ಪರಿಹಾರ ಲೆಕ್ಕ ಹಾಕೋದು ಸತ್ತವರ ದುಡಿಮೆ ನೋಡಿ, ಹೊಡೆದವನ ಯೋಗ್ಯತೆ ನೋಡಿ ಅಲ್ಲ. ಬಡವನ ಬೈಕು ಹೊಡೀತು ಅಂತ ಆ ಮಕ್ಕಳ ಸ್ಕೂಲ್ ಫೀಸು ಕಮ್ಮಿ ಆಗುತ್ತಾ?

ಇಬ್ಬರೂ ದನಿ ಏರಿಸಿದ್ದರು. ಒಳಗಿನಿಂದ ವಕೀಲರ ಮನೆಯವರು ಮಜ್ಜಿಗೆ ತಂದಿಟ್ಟರು. ಕುಡಿಯುತ್ತ ಅಳಿಯ ಲಕೋಟೆಯ ಹಿಂದಿನ ಲೆಕ್ಕವನ್ನು ಮತ್ತೊಮ್ಮೆ ನೋಡಿದ, ಗುಣಾಕಾರ ಸರಿಯಿದೆಯೇ ಎಂದು ಬೆರಳಲ್ಲೇ ಪರೀಕ್ಷಿಸಿದ.

ಅಳಿಯ: ರಸ್ತೆ ದಾಟುವಾಗ ಅವರೇ ನೋಡದೆ ಅಡ್ಡ ಬಂದ್ರು ಅಂತ ಸಾಬೀತು ಮಾಡಿದ್ರೆ?

ಮಾವ: ಅವರದೂ ತಪ್ಪಿದೆ ಅಂತಾದ್ರೆ ಅಷ್ಟು ಪಾಲು ಕಮ್ಮಿ ಆಗುತ್ತೆ. ಆದ್ರೆ 2022ರಿಂದ ಇನ್ನೊಂದು ದಾರೀನೂ ಇದೆ, ಸೆಕ್ಷನ್ 164. ತಪ್ಪು ಯಾರದ್ದು ಅಂತ ಸಾಬೀತು ಮಾಡಬೇಕಾಗಿಲ್ಲ, ಸಾವಿಗೆ ಐದು ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. ಮಾಲೀಕ ಅಥವಾ ವಿಮಾ ಕಂಪನಿ ಕೊಡಬೇಕು ಅಂತಿದೆ. ಕಂಪನಿ ಇಲ್ಲ ಅಂದ್ರೆ ಉಳಿದವನು ಮಾಲೀಕ. ಅವರು ಆ ದಾರಿ ಹಿಡಿದಿದ್ರೆ ನಿನ್ನ ಗಿರಾಕಿ ಪುಣ್ಯ. ಈ ಅರ್ಜಿ 166ರ ಕೆಳಗೆ ಬಂದಿದೆ, ಪೂರ್ತಿ ಮೊತ್ತಕ್ಕೆ.

ಅಳಿಯ: ಈಗ ಅವನಿಗೆ ಏನು ಹೇಳಲಿ? ಕೊಂಡವನ ಫೋನ್ ಸ್ವಿಚ್ ಆಫ್ ಆಗಿದೆ. ನನ್ನ ಪುಸ್ತಕದಲ್ಲಿ ಹೆಸರು, ಊರು ಇದೆ.

ಮಾವ: ಆ ಪುಸ್ತಕ ತಾ. ಮಾರಿದ ದಿನದ ಕರಾರು ಪತ್ರ, ದುಡ್ಡು ಬಂದ ಬ್ಯಾಂಕ್ ದಾಖಲೆ, ಏನಿದ್ದರೂ ತರಲಿ. ಕೊಂಡವನನ್ನ, ಓಡಿಸಿದವನನ್ನ ಎದುರುದಾರರಾಗಿ ಸೇರಿಸಿ ಅಂತ ಕೇಳಬಹುದು. ಆಮೇಲೆ ಅವರಿಂದ ವಸೂಲಿ ಮಾಡ್ಕೊಳ್ಳೋ ಹಕ್ಕು ಉಳಿಸ್ಕೋಬಹುದು. ಆದ್ರೆ ಅದು ಅವರ ಅವರ ನಡುವಿನ ವ್ಯಾಜ್ಯ. ಆ ಹೆಂಗಸಿನ ಮುಂದೆ ಇವನು ಮಾಲೀಕನೇ.

ಅಳಿಯ: ಲೋಕ ಅದಾಲತ್ತಲ್ಲಿ ರಾಜಿ ಆಗಲ್ವಾ?

ಮಾವ: ಆಗಬಹುದು. ಕಂಪನಿ ಇದ್ದಿದ್ರೆ ಒಂದೇ ದಿನಕ್ಕೆ ಮುಗೀತಿತ್ತು. ಇಲ್ಲಿ ಅವಳು ಎಷ್ಟು ಬಿಡ್ತಾಳೆ, ಇವನು ಎಷ್ಟು ಹೊಂದಿಸ್ತಾನೆ ಅನ್ನೋದರ ಮೇಲಿದೆ. ಅವಳು ಬಿಡಬೇಕು ಅಂತ ಹೇಳೋಕೆ ನನಗೆ ಬಾಯಿ ಬರಲ್ಲ.

ಅಳಿಯ: ಜಮೀನು ಮಾರಿ ಕೊಡು ಅಂತ ಇವನಿಗೆ ಹೇಳೋಕೆ ನನಗೂ ಬಾಯಿ ಬರಲ್ಲ.

ಮಾವ: ಮಂಗಳವಾರ ಬೆಳಗ್ಗೆ ಅವನನ್ನ ಕರ್ಕೊಂಡು ಬಾ. ಹೆದರ್ಕೊಂಡು ಊರು ಬಿಟ್ಟು ಹೋಗಬೇಡ ಅಂತ ಹೇಳು. ಹಾಜರಾಗದೆ ಇದ್ರೆ ಎಕ್ಸ್‌ಪಾರ್ಟಿ ಮಾಡಿ, ಅವನ ಮಾತು ಒಂದನ್ನೂ ಕೇಳದೆ ಮೊತ್ತ ಬರೀತಾರೆ.

ಅಳಿಯ: ಡ್ರಾಯರಲ್ಲಿ ಇನ್ನೂ ಕೆಲವು ಫಾರಂ ಹಾಗೇ ಇವೆ ಮಾವ. ಆ ಗಾಡಿಗಳು ಎಲ್ಲೆಲ್ಲಿವೆಯೋ.

ಮಾವ: ಅವನ್ನೂ ತಗೊಂಡು ಬಾ. ಒಂದೊಂದನ್ನೇ ಆ್ಯಪಲ್ಲಿ ಹಾಕಿ ನೋಡೋಣ.